ಟಕ್ ಅಂದರೆ ಮುಂದಿನ ಸಾಲು

ಘೋಡಗೇರಿಯ ನಮ್ಮ ಓಣಿಯಲ್ಲಿ ಗ್ರಾಮಫೋನು ಇದ್ದದ್ದು ಬಾಜೂ ಮನೆಯ ಕಾಕಾನ ಹತ್ತಿರ ಮಾತ್ರ. ಅದರ ಜಂಬ ಅವನಿಗೆ ಹೇಳತೀರದಷ್ಟು. ಮಕ್ಕಳನ್ನು ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಅವನ ಹಾಡು ನಮಗೇಕೆ ಬೇಕು ಎಂದು ಸೆಟೆದುಕೊಂಡರೂ ನಾನೂ ಅಕ್ಕನೂ ನಡುಗೋಡೆಗೆ ಕಿವಿ ಹಚ್ಚಿ ಕೂರುತ್ತಿದ್ದೆವು.

ಅವನಿಗೆ ಪ್ರೀತಿಯ ಪ್ಲೇಟು ಒಂದೇ. ನಾಯಕಿ ತನ್ನ ಗಿಳಿಯನ್ನು, ನಲ್ಲ 'ಬರತಾನೇನ' ಎಂದು ಕೇಳುವ ನಾಟಕದ ಹಾಡು. ಕೇಳಿ ಕೇಳಿಯೇ ಕಲಿತುಬಿಟ್ಟೆವು. 'ಬರತಾನೇನ' ಮೂರು ಸಲ, ಆಮೇಲೆ ಟಕ್ ಎಂಬ ಪೆಟ್ಟು, ಆಮೇಲೆ ಮುಂದಿನ ಸಾಲು. ಆ ಪೆಟ್ಟು ತಬಲಾದವನದೇ ಎಂದು ನಂಬಿದ್ದೆವು. ಅಕ್ಕ ಹಾಡುವಳು, ನಾನು ಟಕ್ ಎನ್ನಿಸುವವಳು.

ಆದರೆ ಅಕ್ಕನಿಗೆ ಧೈರ್ಯವೆಲ್ಲ ಗೋಡೆಯ ಮುಂದೆ. ಜನರ ಮುಂದೆ ಬಾಯಿಯೇ ಬರುತ್ತಿರಲಿಲ್ಲ. ಆಗ ಹೆಣ್ಣು ನೋಡಲು ಬಂದವರು ಒಂದು ಹಾಡು ಹೇಳಿಸಿಯೇ ಏಳುತ್ತಿದ್ದರು. ಹುಕ್ಕೇರಿಯವರು, "ಹುಡುಗಿಗೆ ಮಾತ ಬರ್ತಾವೋ ಇಲ್ಲೋ?" ಎಂದು ಕೇಳಿ, ಚಹಾ ಕುಡಿದು ಹೋದವರು ತಿರುಗಿ ನೋಡಲಿಲ್ಲ. ಅಕ್ಕ ಊಟ ಬಿಟ್ಟಳು. ಅವರ ಮೇಲಿನ ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮಮದಾಪುರದವರು ಬರುವ ದಿನ ಅಪ್ಪ, "ಈ ಸಲ ಬಾಯಿ ಬಿಡಬೇಕ ನೋಡವ್ವಾ" ಎಂದ.

"ತಂಗಿ ಬಾಜೂಕ ಕುಂತ್ರ ಹಾಡ್ತೇನಿ" ಎಂದಳು ಅಕ್ಕ.

ಜಮಖಾನೆಯ ಮೇಲೆ ವರ, ಅವನ ಚಿಗವ್ವ, ನಮ್ಮ ಕಡೆಯ ಹಿರಿಯನಾಗಿ ಕಾಕಾ. ಅಕ್ಕ ಮಣೆಯ ಮೇಲೆ, ನಾನು ಪಕ್ಕದ ಕಂಬಕ್ಕೆ ಒರಗಿ. ಅಕ್ಕ ಕಣ್ಣು ಮುಚ್ಚಿ ಎತ್ತಿಕೊಂಡಳು. ಎಂಥ ಕಂಠ! ಚಿಗವ್ವ ಬಾಯೊಳಗಿನ ಅವಲಕ್ಕಿ ಅಗಿಯುವುದನ್ನೇ ಮರೆತಳು. 'ಬರತಾನೇನ, ಬರತಾನೇನ, ಬರತಾನೇನ.' ನಾನು ಗೆಣ್ಣಿನಿಂದ ಕಂಬಕ್ಕೆ ಟಕ್ ಎನ್ನಿಸಿದೆ. ಅಕ್ಕ ಮುಂದಿನ ಸಾಲಿಗೆ ಹೋದಳು.

ಹಾಡು ಮುಗಿದ ಮೇಲೆ ಚಿಗವ್ವ ನನ್ನನ್ನು ಕೇಳಿದಳು: "ಅಲ್ಲವಾ, ನಡುವ ಕಂಬ ಯಾಕ ಬಡದಿ?"

"ಹಾಡಿನ್ಯಾಗ ಐತ್ರಿ."

"ನಮ್ಮನ್ಯಾಗೂ ಐತಿ ಈ ಹಾಡಿನ ಪ್ಲೇಟು. ಅದರಾಗ ಇಲ್ಲಲ್ಲ?"

ಕಾಕಾ ಕೆಮ್ಮಿದ. ಅವನ ಜಂಬವೆಲ್ಲ ಆ ಕೆಮ್ಮಿನಲ್ಲೇ ಹೋಯಿತು. "ನಮ್ಮ ಪ್ಲೇಟಿಗೆ ಗೆರಿ ಬಿದ್ದೈತ್ರಿ. ಸೂಜಿ ಅಲ್ಲೇ ನಿಂತ ಅದನ್ನ ಮತ್ತ ಮತ್ತ ಹಾಡಸ್ತೈತಿ. ಪೆಟಗಿಗೆ ಬೆರಳಲೆ ಬಡದ್ರ ಮುಂದ ಹೋಗ್ತೈತಿ."

ಚಿಗವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಅಪ್ಪನೂ ನಕ್ಕ. ಅಕ್ಕನ ಕಣ್ಣಲ್ಲಿ ನೀರು ತುಂಬಿತು. ಈ ಸಂಬಂಧವೂ ಹೋಯಿತೆಂದುಕೊಂಡೆ.

ಅಲ್ಲಿಯವರೆಗೆ ಟೊಪ್ಪಿಗೆಯ ಅಂಚು ತಿದ್ದುತ್ತ ಕುಳಿತಿದ್ದ ವರ ತಲೆ ಎತ್ತಿದ.

"ಚಿಗವ್ವಾ, ಬರತಾನೇನ ಅಂತ ಮೂರ ಸಲ ಕೇಳ್ಯಾಳ. ಬರ್ತಾನ ಅಂತ ಹೇಳಿಬಿಡ್ರಿ."

ಮದುವೆಯಾಯಿತು. ಮಮದಾಪುರದ ಪ್ಲೇಟಿಗೆ ಗೆರೆಯಿರಲಿಲ್ಲ. ಅದು ಒಂದೇ ಸಲ ಕೇಳಿ ಮುಂದೆ ಓಡುತ್ತಿತ್ತು. ಅಕ್ಕನಿಗೆ ಅದು ಕೊನೆಯವರೆಗೂ ಅರೆಬರೆ ಹಾಡೇ. ನಾನು ಹೋದಾಗಲೆಲ್ಲ ಅಕ್ಕನ ಗಂಡ ಆ ಸಾಲು ಬಂದ ಕೂಡಲೇ ಸೂಜಿ ಎತ್ತಿ ಹಿಂದಕ್ಕಿಡುತ್ತಿದ್ದ, ಮತ್ತೊಮ್ಮೆ ಎತ್ತಿ ಹಿಂದಕ್ಕಿಡುತ್ತಿದ್ದ. ಆಮೇಲೆ ನನ್ನ ಕಡೆ ನೋಡುತ್ತಿದ್ದ. ನಾನು ಪೆಟ್ಟಿಗೆಗೆ ಟಕ್ ಎನ್ನಿಸುತ್ತಿದ್ದೆ.