ಉದ್ದ ತೋಳಿನ ಅಂಗಿ

ಮಕ್ಕಳು ಆಕೆಯನ್ನು ಟೇಪಕ್ಕ ಎನ್ನುತ್ತಿದ್ದರು. ಊಟಕ್ಕೆ ಕೂತಾಗಲೂ ಅಳತೆಯ ಟೇಪು ಕೊರಳಲ್ಲೇ ಇರುತ್ತಿತ್ತು. ಮಹಡಿಯ ಮೆಟ್ಟಿಲ ಕೆಳಗಿನ ಚಿಕ್ಕ ಕೋಣೆಯೇ ಅವಳ ಅಂಗಡಿ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಒಂದು ಮೇಜು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಕಾಗದದ ಮಾದರಿಗಳು. ಒಂದು ಯಂತ್ರ ಅವಳದು, ಇನ್ನೊಂದು ನಾದಿನಿಯದು. ಗಂಡ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷ ಇಬ್ಬರೂ ಅಲ್ಲೇ ಬೆನ್ನು ಬಗ್ಗಿಸಿ ಪಕ್ಕದ ಶಾಲೆಯ ಸಮವಸ್ತ್ರ ಹೊಲಿದರು.

ಶಾಲೆ ಶುರುವಾಗುವ ವಾರದಲ್ಲಿ ಅಳತೆಯ ದಿನ. ಶಾಲೆಯ ವರಾಂಡದಲ್ಲಿ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು. ಟೇಪಕ್ಕ ಭುಜ, ಎದೆ, ತೋಳು ಎಂದು ಕೂಗಿ ಹೇಳುತ್ತಿದ್ದಳು, ನಾದಿನಿ ಬರೆದುಕೊಳ್ಳುತ್ತಿದ್ದಳು. ಹೊಟ್ಟೆ ಒಳಗೆಳೆದುಕೊಂಡು ನಿಂತವನಿಗೆ, "ಉಸಿರು ಬಿಡಪ್ಪಾ ದೊರೆ, ಈ ಅಂಗಿ ಹಾಕ್ಕೊಂಡು ಊಟಾನೂ ಮಾಡ್ಬೇಕಲ್ಲ" ಎಂದರೆ ಸಾಲಿಗೆ ಸಾಲೇ ನಗುತ್ತಿತ್ತು.

ಅವಳದೊಂದು ಪದ್ಧತಿ ಇತ್ತು. ಮೈ ಮುಟ್ಟಿಸಿಕೊಳ್ಳಲು ಹಿಂಜರಿಯುವ ಮಗುವನ್ನು ಎಂದೂ ಬಲವಂತ ಮಾಡುತ್ತಿರಲಿಲ್ಲ. ಮನೆಯಿಂದ ಒಂದು ಹಳೆ ಅಂಗಿ ತಂದುಕೊಡು, ಅದರ ಮೇಲೇ ಅಳತೆ ಹಿಡಿಯುತ್ತೇನೆ ಎನ್ನುತ್ತಿದ್ದಳು. ತಾನು ಚಿಕ್ಕವಳಿದ್ದಾಗ ಅಳತೆ ತೆಗೆದವನ ಕೈ ಎಲ್ಲೆಲ್ಲಿಗೆ ಹೋಗಿತ್ತೆಂಬುದನ್ನು ಆಕೆ ಮರೆತಿರಲಿಲ್ಲ. ಮಕ್ಕಳಿಗೆ ಆ ಕಷ್ಟ ಬೇಡವೆಂದೇ ಮಾಡಿಕೊಂಡ ಪದ್ಧತಿ ಅದು.

ಪಂಪು ರಿಪೇರಿಯವನ ಮಗಳು ಒಂದನೇ ತರಗತಿಗೆ ಸೇರಿದಾಗ, ಟೇಪು ಭುಜಕ್ಕೆ ತಾಗಿದ ಕೂಡಲೇ ಕುಗ್ಗಿ ಹಿಂದೆ ಸರಿದಳು. ಟೇಪಕ್ಕ ಎಂದಿನಂತೆ ಹಳೆ ಅಂಗಿ ತರಲು ಹೇಳಿದಳು. ಮರುದಿನ ಅಂಗಿ ತಂದ ತಾಯಿ, ತೋಳು ಮಣಿಕಟ್ಟಿನವರೆಗೂ ಬರಲಿ ಎಂದು ಕೇಳಿದಳು. ಸಮವಸ್ತ್ರಕ್ಕೆ ಇದ್ದದ್ದು ಅರ್ಧ ತೋಳು. ಮಗುವಿಗೆ ಬಿಸಿಲು ಆಗುವುದಿಲ್ಲ, ಶಾಲೆಯಲ್ಲಿ ಒಪ್ಪಿಗೆ ಪಡೆದಿದ್ದೇನೆ ಎಂದಳು. ಟೇಪಕ್ಕ ಉದ್ದ ಮಾಡಿ ಕೊಟ್ಟಳು. ಎರಡನೇ ತರಗತಿಗೂ ಹಾಗೇ ಆಯಿತು, ಮೂರನೆಯದಕ್ಕೂ ಹಾಗೇ. ಅಳತೆ ಪುಸ್ತಕದಲ್ಲಿ ಆ ಮಗುವಿನ ಮುಂದೆ ಪ್ರತಿ ವರ್ಷ ಒಂದೇ ಮಾತು: ಹಳೆ ಅಂಗಿ, ಉದ್ದ ತೋಳು.

ಅಪ್ಪನ ಬಗ್ಗೆ ಬೀದಿಯಲ್ಲಿ ಒಳ್ಳೆಯ ಮಾತೇ ಇತ್ತು. ಯಾರ ಮನೆಯ ನೀರಿನ ಪಂಪು ಕೆಟ್ಟರೂ ಕರೆದ ಅರ್ಧ ಗಂಟೆಯಲ್ಲಿ ಹಾಜರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಅವನನ್ನು ಕಂಡು ಯಾರಿಗೂ ನೆನಪಾಗಿರಲಿಲ್ಲ.

ಮೂರನೇ ತರಗತಿಯ ನಡುವೆ ತಾಯಿ ಎರಡು ಸಲ ಅಂಗಿ ತಂದಿದ್ದಳು. ಎಡತೋಳು ಭುಜಕ್ಕೆ ಸೇರುವಲ್ಲಿ ಹೊಲಿಗೆ ಬಿಚ್ಚಿತ್ತು. ಎರಡನೇ ಸಲ ಟೇಪಕ್ಕ ಒಳಗೆ ಪಟ್ಟಿ ಇಟ್ಟು ಜೋಡಿ ಹೊಲಿಗೆ ಹಾಕಿ, ಇನ್ನು ಆನೆ ಎಳೆದರೂ ಬಿಡಲ್ಲ ಎಂದು ಜಂಬದಿಂದ ಕೊಟ್ಟಿದ್ದಳು. ಹುಡುಗಿ ನಾಲ್ಕನೆಯದಕ್ಕೆ ಬಂದಾಗ ಅದೇ ಅಂಗಿ ಅಳತೆಗೆ ಬಂತು. ಟೇಪಕ್ಕ ಅದನ್ನು ಒಳಮೈ ತಿರುಗಿಸಿ ಮೇಜಿನ ಮೇಲೆ ಹರಡಿದಳು. ಅವಳ ಹೊಲಿಗೆ ಗಟ್ಟಿಯಾಗಿಯೇ ಇತ್ತು. ಅದರ ಪಕ್ಕದಲ್ಲಿ ಬಟ್ಟೆಯೇ ಹರಿದಿತ್ತು. ಆ ಹರಕನ್ನು ಯಾರೋ ಕೈಯಿಂದ ಅವಸರವಾಗಿ ಮೂರು ಸಲ ಹೊಲಿದಿದ್ದರು.

ಆಟದಲ್ಲಿ ಅಂಗಿ ಎಲ್ಲಿ ಹರಿಯುತ್ತದೆಂದು ಅವಳಿಗೆ ಗೊತ್ತು. ಜೇಬಿನ ಮೂಲೆ, ಮೊಣಕೈ, ಗುಂಡಿಯ ಬುಡ. ಇದು ಆಟದ ಹರಕಲ್ಲ. ಎತ್ತರದವರ ಕೈಯೊಂದು ಮೇಲಿನಿಂದ, ಒಂದೇ ಕಡೆಗೆ, ಮತ್ತೆ ಮತ್ತೆ ಎಳೆದದ್ದು. ಬಟ್ಟೆಯೇ ಹೀಗಾಗಿದ್ದರೆ ಒಳಗಿದ್ದ ತೋಳು ಏನಾಗಿರಬೇಕು?

ನಾದಿನಿಗೆ ತೋರಿಸಿದಳು. ಅವಳು ಯಂತ್ರ ತುಳಿಯುವುದನ್ನು ನಿಲ್ಲಿಸದೆಯೇ, "ಅತ್ತಿಗೆ, ನಾವು ಸೂಜಿ ಹಿಡಿಯೋರು. ಊರ ಉಸಾಬರಿ ನಮಗ್ಯಾಕೆ? ನಾಳೆ ಅವನು ಬಂದು ಬಾಗಿಲಲ್ಲಿ ನಿಂತ್ರೆ ನೀವೇ ಮಾತಾಡ್ಕೊಳ್ಳಿ" ಎಂದಳು.

ಈ ಅಂಗಿ ಚಿಕ್ಕದಾಗಿದೆ, ಮಗುವನ್ನೇ ಕಳಿಸಿ ಎಂದು ಟೇಪಕ್ಕ ತಾಯಿಗೆ ಹೇಳಿಕಳಿಸಿದಳು. ಎರಡು ದಿನ ಯಾರೂ ಬರಲಿಲ್ಲ. ಮೂರನೇ ದಿನ ತಾನೇ ಶಾಲೆಗೆ ಹೋಗಿ, ಹೆಡ್‌ಮಿಸ್ ಕೋಣೆಯಲ್ಲಿ ಅವರ ಎದುರಿಗೇ ಹುಡುಗಿಯನ್ನು ಕರೆಸಿದಳು. ಟೇಪನ್ನು ಅವಳ ಕೈಗೆ ಕೊಟ್ಟು, ಮೊದಲು ನೀನು ನನ್ನ ಅಳತೆ ತೆಗೆ ಎಂದು ಮುಂದೆ ಮಂಡಿಯೂರಿ ಕೂತಳು. ಹುಡುಗಿಗೆ ಇದು ತಮಾಷೆಯೆನಿಸಿತು. ಬಲಗೈಯಿಂದ ಟೇಪಿನ ತುದಿಯನ್ನು ಟೇಪಕ್ಕನ ಭುಜಕ್ಕೆ ಒತ್ತಿದಳು. ಇನ್ನೊಂದು ತುದಿ ಹಿಡಿದ ಎಡಗೈ ಎದೆಯ ಮಟ್ಟದಲ್ಲೇ ನಿಂತಿತು.

"ಇದು ಮೇಲೆ ಬರಲ್ಲ."

"ಯಾವಾಗಿಂದ ಪುಟ್ಟಿ?"

"ಅಪ್ಪ ಎಳೆದಾಗಿಂದ." ಹುಡುಗಿ ಬಾಗಿಲ ಕಡೆ ನೋಡಿದಳು. "ಯಾರಿಗೂ ಹೇಳ್ಬೇಡಿ. ಅಮ್ಮಂಗೂ ಏಟು ಬೀಳುತ್ತೆ."

ಟೇಪಕ್ಕ ಮುಂದೆ ಏನೂ ಕೆದಕಲಿಲ್ಲ. ಹೇಳಲ್ಲ ಅಂತ ಮಾತು ಕೊಡಲು ಆಗುವುದಿಲ್ಲ, ಯಾರಿಗೆ ಹೇಳಿದರೂ ನಿನಗೆ ತಿಳಿಸಿಯೇ ಹೇಳುತ್ತೇನೆ, ಇದರಲ್ಲಿ ನಿನ್ನದೇನೂ ತಪ್ಪಿಲ್ಲ ಎಂದಳು. ಹೆಡ್‌ಮಿಸ್ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಬಿಸಿಲಿನ ಕಾರಣವನ್ನು ನಂಬಿ ಉದ್ದ ತೋಳಿಗೆ ಒಪ್ಪಿಗೆ ಕೊಟ್ಟವರು ಅವರೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಧಿಕಾರಿಗಳು ಅಂದೇ ಬಂದರು. ತೋಳಿನ ಮೂಳೆ ಮುರಿದು ವರ್ಷವಾಗಿದೆ, ಚಿಕಿತ್ಸೆಯಿಲ್ಲದೆ ಸೊಟ್ಟಗೆ ಕೂಡಿಕೊಂಡಿದೆ ಎಂದರು ಡಾಕ್ಟರು. ಅಪ್ಪನನ್ನು ಪೊಲೀಸರು ಕರೆದೊಯ್ದರು. ತಾಯಿಯೂ ಮುಚ್ಚಿಟ್ಟಿದ್ದಳೆಂದು, ವಿಚಾರಣೆ ಮುಗಿಯುವ ತನಕ ಹುಡುಗಿಯನ್ನು ಮಕ್ಕಳ ನಿಲಯಕ್ಕೆ ಸೇರಿಸಿದರು. ಬೀದಿಯಲ್ಲಿ ಪಂಪು ಕೆಟ್ಟ ಮನೆಯವರಿಗೆಲ್ಲ ಟೇಪಕ್ಕನ ಮೇಲೇ ಸಿಟ್ಟು.

ಒಂದು ವಾರ ಕಳೆದು ತಾಯಿ ಅಂಗಡಿಗೆ ಬಂದಳು. ಜಗಳಕ್ಕೇ ಬಂದಿದ್ದಾಳೆಂದು ನಾದಿನಿ ಎದ್ದು ನಿಂತಳು. ತಾಯಿ ದನಿ ಎತ್ತಲಿಲ್ಲ.

"ಪ್ರತಿ ವರ್ಷ ಅಂಗಿ ಕೊಟ್ಟು ಇಲ್ಲೇ ಸ್ವಲ್ಪ ಹೊತ್ತು ನಿಲ್ತಿದ್ದೆ ಅಕ್ಕ. ಯಾಕಮ್ಮಾ ಉದ್ದ ತೋಳು ಅಂತ ನೀವು ಒಂದು ಸಲ ಕೇಳಿದ್ರೆ ಹೇಳ್ಬಿಡ್ತಿದ್ದೆನೋ ಏನೋ. ನೀವು ಕೇಳ್ಲೇ ಇಲ್ಲ."

ತಾಯಿ ನಿಂತಿದ್ದು ಟೇಪಕ್ಕನಿಗೆ ನೆನಪಿತ್ತು. ಬೇಗ ಹೊಲಿದು ಕೊಡಲಿ ಎಂದು ಕಾಯುತ್ತಿದ್ದಾಳೆ ಎಂದುಕೊಂಡಿದ್ದಳು.

ಆಮೇಲೆ ಹೇಳಿಕೆ ಕೊಡಲು ಕರೆ ಬಂತು. ಹರಕು ಕಂಡ ದಿನದಿಂದ ನಡೆದದ್ದನ್ನೆಲ್ಲ ಅಧಿಕಾರಿ ಬರೆದುಕೊಂಡು ಸಹಿಗೆ ಕಾಗದ ಮುಂದಿಟ್ಟರು. ಟೇಪಕ್ಕ ಪೆನ್ನು ಮುಟ್ಟಲಿಲ್ಲ. ಮೂರು ವರ್ಷ ಮಗುವನ್ನು ನೋಡದೆ ಹಳೆ ಅಂಗಿಯ ಮೇಲೆ ಹೊಲಿದದ್ದು, ಕೇಳಿದಷ್ಟು ತೋಳು ಇಳಿಸಿಕೊಟ್ಟದ್ದು, ಬಿಚ್ಚಿದ ಹೊಲಿಗೆಯನ್ನು ಎರಡು ಸಲ ಸರಿಮಾಡಿದ್ದು, ಅದೂ ಬರಬೇಕು ಎಂದಳು. ಪ್ರಕರಣಕ್ಕೆ ಅದರ ಅಗತ್ಯವಿಲ್ಲ ಎಂದರು ಅಧಿಕಾರಿ.

"ಬರ್ಕೊಳ್ಳಿ ಮೇಡಂ. ನಾನು ಕಂಡಿದ್ದು ಬರೆದಿದ್ದೀರಿ. ಬೇರೆಯವರಿಗೆ ಕಾಣದ ಹಾಗೆ ಮುಚ್ಚಿಕೊಟ್ಟಿದ್ದೂ ನಾನೇ."

ಅದನ್ನು ಬರೆಸಿದ ಮೇಲೆಯೇ ಸಹಿ ಹಾಕಿದಳು.

ಹುಡುಗಿಗೆ ಶಸ್ತ್ರಚಿಕಿತ್ಸೆ ಆಯಿತು. ಈಗ ಎಡಗೈ ಭುಜದ ಮಟ್ಟದವರೆಗೆ ಬರುತ್ತದೆ, ಅದಕ್ಕಿಂತ ಮೇಲೆ ಬಾರದು. ಟೇಪಕ್ಕ ತಿಂಗಳಿಗೊಮ್ಮೆ ನಿಲಯಕ್ಕೆ ಹೋಗುತ್ತಾಳೆ. ಕೆಲವು ಸಲ ಹುಡುಗಿ ಹೊರಗೆ ಬಂದು ಪಕ್ಕದಲ್ಲಿ ಕೂರುತ್ತಾಳೆ. ಕೆಲವು ಸಲ ಬರುವುದಿಲ್ಲ. ಬರದ ದಿನ ಟೇಪಕ್ಕ ಬಾ ಎಂದು ಯಾರ ಹತ್ತಿರವೂ ಹೇಳಿಕಳಿಸುವುದಿಲ್ಲ, ಬೆಂಚಿನ ಮೇಲೆ ಒಂದು ಗಂಟೆ ಕೂತು ಎದ್ದು ಬರುತ್ತಾಳೆ.