ಪಾತಾಳಕ್ಕೆ ಹೋದ ಟ್ರಿಪ್ಪು

ನಮ್ಮ ಅತ್ತಿಗೆಯ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಇನ್ನೂ ಕಂಡಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಅವರು ಮೇಲ್ವಿಚಾರಕಿ. ವಾರ್ಡಿನ ಚಾದರ, ದಿಂಬಿನ ಚೀಲ, ಡಾಕ್ಟರುಗಳ ಕೋಟು ಎಲ್ಲವೂ ಅವರ ಕಣ್ಣೆದುರಿಗೇ ಹಾದುಹೋಗಬೇಕು. ಒಮ್ಮೆ ಮರೆತ ಊಟದ ಡಬ್ಬಿ ಕೊಡಲು ಹೋದಾಗ ಅಲ್ಲಿನ ಕೆಲಸ ನೋಡಿದ್ದೆ. ದೊಡ್ಡ ಚಾದರದ ಎರಡು ತುದಿಯನ್ನು ಇಬ್ಬರು ಹಿಡಿದು, ಒದರಿ, ಮಡಚುತ್ತಾ ಒಬ್ಬರ ಹತ್ತಿರ ಒಬ್ಬರು ಬರುತ್ತಾರೆ. ಹೊಸಬಳೊಬ್ಬಳು ಆತುರಪಟ್ಟು ಎರಡು ಹೆಜ್ಜೆ ಮುಂದೆ ಬಂದುಬಿಟ್ಟಳು. ಚಾದರದ ನಡುಭಾಗ ನೆಲಕ್ಕೆ ತಗುಲಿತು.

"ಮತ್ತೆ ಒಗೆಯೋಕೆ ಹಾಕು," ಅಂದರು ಅತ್ತಿಗೆ. "ಚಾದರ ನೋಡ್ಕೊಂಡು ಹೆಜ್ಜೆ ಇಡಬೇಡಮ್ಮ. ಎದುರಿಗಿರೋಳ ಕಾಲು ನೋಡ್ಕೊಂಡು ಇಡು."

ಬಯ್ಗುಳವಿಲ್ಲ, ಕೂಗಾಟವಿಲ್ಲ. ಇಂಥ ಹೆಂಗಸು ಐವತ್ತರ ಹತ್ತಿರ ಬಂದ ಮೇಲೆ ಟಿವಿಯ ಮುಂದೆ ಕೂತು ರಾಕ್ಷಸರನ್ನು ಕೊಚ್ಚುವ ಆಟಕ್ಕೆ ಇಳಿದದ್ದು ಹೇಗೆ ಎಂದರೆ, ಅದಕ್ಕೆ ನನ್ನ ಅಣ್ಣನೇ ಕಾರಣ.

ಅಣ್ಣ ಸಿಟಿ ಬಸ್ಸಿನ ಡ್ರೈವರು. ಹೋದ ವರ್ಷ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನಿಗೆ ಬಲಭಾಗಕ್ಕೆ ಲಕ್ವ ಹೊಡೆಯಿತು. ಕಾಲು ಕೆಲವು ತಿಂಗಳಲ್ಲಿ ಸರಿಹೋಯಿತು. ನಾಲಿಗೆಯೂ ಸರಿಹೋಯಿತು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಅನ್ನಿ. ಬಲಗೈ ಬೆರಳುಗಳು ಮಾತ್ರ ಮೊಂಡು ಹಿಡಿದವು. ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆ ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಸುಕಿ ಅಂದಳು. "ನಾನೇನು ಎಳೇ ಮಗುವಾ?" ಎಂದು ಅಣ್ಣ ಅದನ್ನು ಬೀರುವಿನ ಮೇಲಕ್ಕೆ ಎಸೆದ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಹೋಗುವ ಬಸ್ಸುಗಳನ್ನು ನೋಡುತ್ತಾ ಕೂತ. ಬೆಳಿಗ್ಗೆ ಅತ್ತಿಗೆ ಅವನ ಅಂಗಿಯ ಗುಂಡಿ ಹಾಕುವಾಗ ಸೂರಿನ ಕಡೆ ಮುಖ ಎತ್ತಿಕೊಂಡು ನಿಲ್ಲುತ್ತಿದ್ದ. ಅದನ್ನು ನೋಡಲಾರದೆ ನಾನು ಬೇಗ ಬೇಗ ನನ್ನ ಮೋಟರ್ ರಿಪೇರಿ ಅಂಗಡಿಗೆ ಹೊರಟುಬಿಡುತ್ತಿದ್ದೆ.

ಅವರ ಮಗಳನ್ನು ಮನೆಯಲ್ಲಿ ನಾವು ಕರೆಯುವುದು ಪಟಾಕಿ ಎಂದು. ಕಾಲೇಜು ಹುಡುಗಿ, ಕೂತಲ್ಲಿ ಕೂರುವವಳಲ್ಲ. ನಾಲ್ಕು ಜನ ಸೇರಿ ಟಿವಿಯಲ್ಲಿ ಆಡುವ ಆಟ ಅವಳದು. ಒಂದು ಭಾನುವಾರ ಗೆಳತಿಯೊಬ್ಬಳು ಕೈಕೊಟ್ಟಳು. "ಅಪ್ಪ, ನೀನು ಸುಮ್ನೆ ಹಿಡ್ಕೊಂಡು ಕೂತ್ಕೋ, ಸಾಕು," ಎಂದು ಆಟದ ರಿಮೋಟನ್ನು ಅವನ ಕೈಗೆ ಕೊಟ್ಟಳು. ಊಟಕ್ಕೆ ಕರೆದರೂ ಅಣ್ಣ ಅದನ್ನು ಕೆಳಗಿಡಲಿಲ್ಲ. ಮರುದಿನ ವ್ಯಾಯಾಮದಾಕೆ ಬಂದು ಅವನ ಹೆಬ್ಬೆರಳು ಅಲುಗಾಡುವುದನ್ನು ನೋಡಿ ಹುಬ್ಬೇರಿಸಿದಳು.

"ಚೆಂಡು ಬೇಡ ಬಿಡಿ, ಇದನ್ನೇ ಆಡಲಿ. ಆದ್ರೆ ನಿಲ್ಲಿಸಬಾರದು. ನಿಲ್ಲಿಸಿದ್ರೆ ಬೆರಳು ಮತ್ತೆ ಮುದುಡಿಕೊಳ್ಳುತ್ತೆ, ಆಮೇಲೆ ಬಿಡಿಸೋದು ಕಷ್ಟ."

ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಬಂದು ಸೋಫಾದ ಮೇಲೆ ಕೂತರು. "ನನಗೂ ಒಂದು ಕೊಡೇ," ಅಂದರು. ಮಹಡಿಯ ಮೇಲೆ ಒಬ್ಬನೇ ಇರುವ ನನ್ನನ್ನು ನಾಲ್ಕನೆಯವನಾಗಿ ಎಳೆದು ತಂದರು.

ಆಟ ಇಷ್ಟೇ. ನೆಲದ ಕೆಳಗೆ ಒಂದು ಪಾತಾಳದ ಕೋಟೆ. ಅಂತಸ್ತು ಅಂತಸ್ತಾಗಿ ಇಳಿದು ಹೋಗಬೇಕು. ದಾರಿಯುದ್ದಕ್ಕೂ ದೆವ್ವ, ಹಾವು, ರೆಕ್ಕೆಯ ನಾಯಿ. ಕಟ್ಟಕಡೆಗೆ ಒಬ್ಬ ಕಲ್ಲಿನ ರಾಕ್ಷಸ. ಅವನು ಬಿದ್ದ ಕೂಡಲೇ ಸೂರು ಕುಸಿಯತೊಡಗುತ್ತದೆ, ಹೆಬ್ಬಾಗಿಲು ಮುಚ್ಚುವುದರೊಳಗೆ ದಾಟಬೇಕು. ನಡುವೆ ಯಾರಾದರೂ ಬಿದ್ದರೆ ಇನ್ನೊಬ್ಬರು ಪಕ್ಕದಲ್ಲಿ ನಿಂತು ಒಂದು ಬಟನ್ ಒತ್ತಿ ಹಿಡಿದು ಎಬ್ಬಿಸಬಹುದು. ನಾಲ್ವರೂ ಬಿದ್ದರೆ ಕಥೆ ಮುಗಿಯಿತು, ಮತ್ತೆ ಮೇಲಿನಿಂದ ಶುರು. ಇಂಥ ಒಂದು ಇಳಿತಕ್ಕೆ ಪಟಾಕಿ ರನ್ ಅನ್ನುತ್ತಿದ್ದಳು. ಅಣ್ಣ ಟ್ರಿಪ್ಪು ಅಂದ. ಮನೆಯಲ್ಲಿ ಟ್ರಿಪ್ಪೆಂಬ ಹೆಸರೇ ಉಳಿಯಿತು.

ಮೊದಮೊದಲು ನಾವು ಎರಡನೇ ಅಂತಸ್ತು ದಾಟಿದರೆ ಹೆಚ್ಚು. ಪಟಾಕಿಗೆ ಕಂಡ ಪೆಟ್ಟಿಗೆಯನ್ನೆಲ್ಲ ತೆರೆಯುವ ಚಾಳಿ. ಅರ್ಧ ಪೆಟ್ಟಿಗೆಗಳಲ್ಲಿ ಹಾವೇ ಇರುತ್ತಿತ್ತು. ಜೀವ ಹೋಗುವಂತಿದ್ದರೂ ಅವಳು ಹೊಳೆಯುವ ಕಿರೀಟ ಹುಡುಕುತ್ತಿದ್ದಳು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ. ನಾನು ಕೊಡಲಿ ಹಿಡಿದು ಕಣ್ಣುಮುಚ್ಚಿ ನುಗ್ಗುವವನು. ಅಣ್ಣನದು ಮಾಂತ್ರಿಕನ ಪಾತ್ರ. ಅತ್ತಿಗೆ ಗುರಾಣಿಯವಳನ್ನು ಆರಿಸಿಕೊಂಡು ಒಂದಷ್ಟು ದಿನ ಸುಮ್ಮನೆ ನೋಡಿದರು. ಆಮೇಲೆ ಕಾನೂನು ತಂದರು.

"ಇನ್ಮೇಲೆ ಪೆಟ್ಟಿಗೆ ತೆರೆಯೋದು ಶತ್ರು ಸತ್ತ ಮೇಲೆ. ಬಿದ್ದೋರು ಇದ್ರೆ ಮೊದಲು ಅವರನ್ನ ಎಬ್ಬಿಸೋದು, ಹೊಡೆಯೋದು ಆಮೇಲೆ. ಮುಂದೆ ನಾನಿರ್ತೀನಿ, ನನ್ನ ದಾಟಿ ಯಾರೂ ಹೋಗಬಾರದು. ಏನೋ ಕೊಡಲಿ, ಕೇಳಿಸ್ತಾ?"

"ನಾನು ನಿಮ್ಮ ಮೈದುನ, ಅತ್ತಿಗೆ. ನಿಮ್ಮ ಕೈಕೆಳಗಿನ ನೌಕರ ಅಲ್ಲ."

"ನೌಕರ ಆಗಿದ್ರೆ ಎಂದೋ ಬಿಡಿಸಿ ಕಳಿಸ್ತಿದ್ದೆ."

ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ಸುಳ್ಳಲ್ಲ. ನಿಧಾನ ಮಾಡಿದಂತೆಲ್ಲ ನಾವು ಕೆಳಗೆ ಕೆಳಗೆ ಇಳಿದೆವು. ಒಂದು ಭಾನುವಾರ ಕಲ್ಲಿನ ರಾಕ್ಷಸನ ಅಂಗಳಕ್ಕೇ ಬಂದು ನಿಂತೆವು. ಅಲ್ಲಿ ಆದ ಎಡವಟ್ಟು ನಮ್ಮ ಮನೆಯವರು ಮಾತ್ರ ಮಾಡುವಂಥದ್ದು.

ಗಾಯ ವಾಸಿಮಾಡುವ ಮದ್ದಿನ ಕುಡಿಕೆಗಳು ದಾರಿಯಲ್ಲಿ ಸಿಗುತ್ತವೆ. ಅಣ್ಣನ ಕೈ ನಿಧಾನ, ಪೆಟ್ಟು ಬಿದ್ದರೆ ತಪ್ಪಿಸಿಕೊಳ್ಳಲಾರ, ಪಾಪ, ಎಂದು ನಾನು ನನ್ನ ಕುಡಿಕೆಗಳನ್ನೆಲ್ಲ ಗುಟ್ಟಾಗಿ ಅವನ ಚೀಲಕ್ಕೆ ಹಾಕಿದ್ದೆ. ಪಟಾಕಿಯೂ ಅದನ್ನೇ ಮಾಡಿದ್ದಳು. ಅತ್ತಿಗೆಯೂ. ಒಬ್ಬರಿಗೊಬ್ಬರು ಹೇಳಿರಲಿಲ್ಲ. ರಾಕ್ಷಸ ನೆಲಕ್ಕೆ ಗುದ್ದಿದಾಗ ಮೂವರ ಕೈಯೂ ಬರಿದು. ಒಬ್ಬೊಬ್ಬರಾಗಿ ಉರುಳಿದೆವು. ಮೈಯಲ್ಲಿ ಒಂದು ಗೀರೂ ಇಲ್ಲದ ಅಣ್ಣ ಮಾತ್ರ, ತುಂಬಿದ ಚೀಲ ಹೊತ್ತುಕೊಂಡು ರಾಕ್ಷಸನೆದುರು ಒಬ್ಬನೇ ನಿಂತಿದ್ದ. ಒಂದೇ ಗುದ್ದು, ಟ್ರಿಪ್ಪು ಮುಗಿಯಿತು.

ಅಣ್ಣನಿಗೆ ಎಲ್ಲ ಅರ್ಥವಾಯಿತು. ಅವನ ಕಿವಿ ಕೆಂಪಾದವು.

"ನಾನೇನು ನಿಮಗೆಲ್ಲ ಗೋಡೌನಾ? ಅಯ್ಯೋ ಪಾಪ ಅಂತ ಇಷ್ಟು ದಿನ ಆಡಿಸ್ತಿದ್ರಾ ನನ್ನ?" ರಿಮೋಟನ್ನು ಟೀಪಾಯಿಯ ಮೇಲೆ ಕುಕ್ಕಿದ. "ಮುಂದಿನ ಭಾನುವಾರ ಒಂದೇ ಒಂದು ಟ್ರಿಪ್ಪು. ಅದು ಮುಗಿದ್ರೆ ಸರಿ. ಇಲ್ಲಾಂದ್ರೆ ಈ ಕೈ ಹೀಗೇ ಇರಲಿ, ನಾನು ಮತ್ತೆ ಇದನ್ನ ಮುಟ್ಟಲ್ಲ."

ಅಣ್ಣ ಆಡಿದ ಮಾತಿಗೆ ತಪ್ಪುವವನಲ್ಲ. ಅದೇ ನಮಗಿದ್ದ ಭಯ. ಪಟಾಕಿ ಅಳು ನುಂಗಿಕೊಂಡಳು. ನನಗೆ ನನ್ನ ಮೇಲೇ ಸಿಟ್ಟು ಬಂತು. ಅತ್ತಿಗೆ ಮಾತ್ರ ಟೀಪಾಯಿಯ ಮೇಲಿದ್ದ ಲೋಟಗಳನ್ನು ಎತ್ತಿಕೊಂಡು, "ಮುಂದಿನ ಭಾನುವಾರ ಮುಗಿಯುತ್ತೆ," ಅಂದರು, ನಾಳೆ ಹಾಲಿನವನು ಬರುತ್ತಾನೆ ಅನ್ನುವ ಧಾಟಿಯಲ್ಲಿ.

ವಾರವಿಡೀ ಅವರು ಆ ವಿಷಯ ಎತ್ತಲಿಲ್ಲ. ಭಾನುವಾರ ಊಟವಾದ ಮೇಲೆ ಎಲ್ಲರನ್ನೂ ಕೂರಿಸಿದರು.

"ನೋಡಿ, ಮದ್ದೆಲ್ಲ ಇವರ ಹತ್ರಾನೇ ಇರಲಿ."

"ಮತ್ತೆ ಅದೇ ತಪ್ಪಾ ಅಮ್ಮ?" ಅಂದಳು ಪಟಾಕಿ.

"ತಪ್ಪಾಗಿದ್ದು ಮದ್ದು ಕೊಟ್ಟಿದ್ದಲ್ಲ ಕಣೇ, ಕೆಲಸ ಕೊಡದೇ ಇದ್ದಿದ್ದು. ರೀ, ಇನ್ಮೇಲೆ ನೀವು ಹೊಡೆಯೋಕೆ ಹೋಗಬೇಡಿ. ಹಿಂದೆ ನಿಂತು ನಮ್ಮ ಮೂರು ಜನಾನ ನೋಡ್ತಾ ಇರಿ. ಯಾರಿಗೆ ಮದ್ದು, ಯಾವಾಗ, ಯಾರನ್ನ ಎಬ್ಬಿಸಬೇಕು, ಎಲ್ಲ ನಿಮ್ಮ ಲೆಕ್ಕ. ನೀವು ರೈಟ್ ಅನ್ನೋವರೆಗೂ ಮುಂದಿನ ಬಾಗಿಲು ಯಾರೂ ದಾಟಲ್ಲ."

ನನಗೆ ತಡೆಯಲಾಗಲಿಲ್ಲ. "ಅತ್ತಿಗೆ, ಅಣ್ಣನ ಕೈ ನಿಧಾನ. ನಮ್ಮೆಲ್ಲರ ಜೀವ ಆ ಕೈ ಮೇಲೆ ಹಾಕ್ತೀರಾ?"

"ಇಷ್ಟು ವರ್ಷ ಇವರು ಬಸ್ಸು ಓಡಿಸಿದ್ದು ಬರೀ ಕೈಯಲ್ಲಿ ಅಂದ್ಕೊಂಡಿದ್ದೀಯೇನೋ? ಹಿಂದಿನ ಬಾಗಿಲಲ್ಲಿ ಯಾವ ಮುದುಕಿ ಇನ್ನೂ ಒಂದು ಕಾಲು ಕೆಳಗಿಟ್ಟಿದ್ದಾಳೆ ಅಂತ ಕನ್ನಡಿಯಲ್ಲೇ ನೋಡಿ ಹೇಳೋರು. ಕೈ ನಿಧಾನ ಆದ್ರೆ ನಾವೂ ನಿಧಾನ ಹೋಗೋಣ."

ಅಣ್ಣ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಬೆನ್ನು ನೇರ ಮಾಡಿ ಕೂತ. ಅವನು ಹಾಗೆ ಕೂತದ್ದನ್ನು ನೋಡಿ ಬಹಳ ದಿನವಾಗಿತ್ತು.

ಆ ಟ್ರಿಪ್ಪಿನ ಸೊಗಸೇ ಬೇರೆ. "ಪಟಾಕಿ, ಎಡಗಡೆ ನಾಯಿ." "ಕೊಡಲಿ, ಹಿಂದೆ ಬಾರೋ, ಮದ್ದು ತಗೋ." "ಎಲ್ಲ ಬಂದ್ರಾ? ರೈಟ್." ಜೀವಮಾನವಿಡೀ ಕಂಡಕ್ಟರುಗಳ ಬಾಯಲ್ಲಿ ಆ ಮಾತು ಕೇಳಿಸಿಕೊಂಡವನು, ಈಗ ತಾನೇ ಬಾಯಿತುಂಬ ಹೇಳುತ್ತಿದ್ದ. ಅವನ ಕೈ ತಡವಾಗುತ್ತಿತ್ತು, ನಿಜ. ಆದರೆ ಕಣ್ಣು ಮೊದಲೇ ನೋಡಿರುತ್ತಿತ್ತು, ಹಾಗಾಗಿ ಮದ್ದು ಸರಿಯಾದ ಹೊತ್ತಿಗೇ ಬರುತ್ತಿತ್ತು. ಪಟಾಕಿ ಒಂದೇ ಒಂದು ಪೆಟ್ಟಿಗೆಯನ್ನೂ ಕೇಳದೆ ತೆರೆಯಲಿಲ್ಲ. ಕಲ್ಲಿನ ರಾಕ್ಷಸ ಮೂರು ಸಲ ನನ್ನನ್ನು ಕೆಡವಿದ, ಮೂರು ಸಲವೂ ಅಣ್ಣ ಪಟಾಕಿಯನ್ನು ಕಳಿಸಿ ಎಬ್ಬಿಸಿದ. ಕೊನೆಗೆ ರಾಕ್ಷಸ ಮಂಡಿಯೂರಿ, ಪುಡಿಪುಡಿಯಾಗಿ ಬಿದ್ದ.

ಸೂರು ಕುಸಿಯಲು ಶುರುವಾಯಿತು. ಪಟಾಕಿಯೂ ನಾನೂ ಓಡಿ ಹೆಬ್ಬಾಗಿಲು ಮುಟ್ಟಿದೆವು. ಹಿಂದೆ ಅಣ್ಣ. ಎಲ್ಲರ ಹಿಂದೆ, ಬೆನ್ನಟ್ಟುವ ನಾಯಿಗಳನ್ನು ಗುರಾಣಿಯಲ್ಲಿ ತಡೆಯುತ್ತಾ ಅತ್ತಿಗೆ. ಒಂದು ಬಂಡೆ ಬಿತ್ತು. ಅತ್ತಿಗೆಯ ಗುರಾಣಿಯವಳು ನೆಲಕ್ಕೊರಗಿದಳು.

"ನನ್ನ ಬಿಡಿ!" ಅತ್ತಿಗೆ ಕೂಗಿದರು. "ಒಬ್ರು ದಾಟಿದ್ರೂ ಟ್ರಿಪ್ಪು ಮುಗಿದ ಲೆಕ್ಕ. ಹೋಗಿ, ಹೋಗಿ!"

ಅದು ನಿಜವೇ. ಆಟದ ನಿಯಮವೇ ಹಾಗೆ. ನಾನು ಇನ್ನೇನು ಕಾಲಿಡಬೇಕು.

"ಯಾರೂ ಕದಲಬೇಡಿ. ರೈಟ್ ಅಂದಿಲ್ಲ ನಾನು," ಅಂದ ಅಣ್ಣ. ಅವನ ಮಾಂತ್ರಿಕ ಆಗಲೇ ಹಿಂದಕ್ಕೆ ತಿರುಗಿದ್ದ.

"ರೀ, ಹೇಳಿದ್ದು ಕೇಳಿ! ಮತ್ತೆ ನೀವು ಆಡಲ್ಲ ಅಂತ ಕೂತ್ರೆ..."

"ಹತ್ತದೇ ಇರೋರನ್ನ ಬಿಟ್ಟು ನಾನು ಯಾವತ್ತು ಗಾಡಿ ಎತ್ತಿದ್ದೀನೇ? ನೀನು ಸುಮ್ನಿರು."

ಎಡಗೈಯಲ್ಲಿ ಅವನು ಬೀಳುವ ಕಲ್ಲುಗಳಿಗೆ ಅಡ್ಡವಾಗಿ ಮಂತ್ರದ ಕೊಡೆ ಹಿಡಿದಿದ್ದ. ಅದನ್ನು ಬಿಡುವಂತಿರಲಿಲ್ಲ. ಎಬ್ಬಿಸಲು ಉಳಿದದ್ದು ಬಲಗೈ ಹೆಬ್ಬೆರಳೊಂದೇ. ಟಿವಿಯಲ್ಲಿ ಒಂದು ಬಳೆಯಂಥ ಗೆರೆ ಪೂರ್ತಿ ಸುತ್ತುವವರೆಗೂ ಬಟನ್ ಬಿಡದೆ ಒತ್ತಬೇಕು. ಅರ್ಧ ಸುತ್ತಿತು, ಬೆರಳು ಜಾರಿತು. ಮತ್ತೆ ಮೊದಲಿನಿಂದ. ಬಾಗಿಲು ಇಳಿಯುತ್ತಿತ್ತು. ನನ್ನ ಕೈ ಅವನ ಕಡೆ ಹೋಯಿತು, ಅತ್ತಿಗೆ ನನ್ನ ಮುಂಗೈ ಹಿಡಿದು ತಡೆದರು. ನಾವು ಟಿವಿ ನೋಡುವುದನ್ನು ಬಿಟ್ಟು ಆ ಬೆರಳನ್ನೇ ನೋಡಿದೆವು. ಅದು ನಡುಗುತ್ತಿತ್ತು, ಉಗುರು ಬಿಳಿಚಿಕೊಂಡಿತ್ತು. ಆದರೆ ಒತ್ತಿದ್ದು ಒತ್ತಿದ ಹಾಗೇ ಇತ್ತು.

ಗುರಾಣಿಯವಳು ಎದ್ದು ನಿಂತಳು. ಇಬ್ಬರೂ ಓಡಿ ಬಂದರು. ಅಣ್ಣ ನಮ್ಮ ಮೂವರನ್ನೂ ಒಮ್ಮೆ ನೋಡಿದ, ಅಂಥ ಹೊತ್ತಿನಲ್ಲೂ ನೋಡಿದ, ಆಮೇಲೆ "ರೈಟ್" ಅಂದ. ದಾಟಿದೆವು.

ಪಟಾಕಿ ಕಿರುಚಿದ ರಭಸಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದರು. ಅತ್ತಿಗೆ ಕೂತಲ್ಲೇ ಕೂತಿದ್ದರು. "ಹೇಳಿದ ಮಾತು ಕೇಳೋದಿಲ್ಲ ಅಲ್ವಾ ನೀವು," ಎಂದು ಗಂಡನಿಗೆ ಗದರಿದರು, ಗದರುತ್ತಲೇ ಅತ್ತರು. ಆ ಮನೆಯಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಲಕ್ವ ಹೊಡೆದ ದಿನವೂ ಅತ್ತವರಲ್ಲ. ನಾನೂ ಕಣ್ಣೊರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಿಗ್ಗೆ ನಾನು ಕಾಫಿಗೆಂದು ಕೆಳಗೆ ಬಂದೆ. ಅತ್ತಿಗೆ ಇಸ್ತ್ರಿ ಮಾಡಿದ ಅಂಗಿಯನ್ನು ಅಣ್ಣನ ಹೆಗಲಿಗೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತರು.

"ಗುಂಡಿ?" ಅಂದ ಅಣ್ಣ.

"ನೀವೇ ಹಾಕ್ಕೊಳ್ಳಿ. ನನಗೇನೂ ಅವಸರ ಇಲ್ಲ."

ನನ್ನ ಕಾಫಿ ಆರಿತು. ಆಸ್ಪತ್ರೆಗೆ ಕೆಲಸಕ್ಕೆ ಹೋಗುವ ಹೊತ್ತಾಯಿತು. ಅತ್ತಿಗೆ ಅಲುಗಲಿಲ್ಲ, ಅವನ ಬೆರಳಿನ ಮೇಲಿಂದ ಕಣ್ಣನ್ನೂ ತೆಗೆಯಲಿಲ್ಲ. ಅಣ್ಣ ಈ ಸಲ ಸೂರು ನೋಡುತ್ತಿರಲಿಲ್ಲ. ನಾಲಿಗೆ ಕಚ್ಚಿಕೊಂಡು, ಬಗ್ಗಿ, ಒಂದೊಂದೇ ಗುಂಡಿಯನ್ನು ತೂರಿಸಿ ಮೇಲಿನದನ್ನು ಮುಟ್ಟಿದ. ಅಲ್ಲಿ ಒಂದು ಗುಂಡಿ ಹೆಚ್ಚಾಗಿ ಉಳಿದಿತ್ತು. ಕೆಳಗೆಲ್ಲೋ ಒಂದು ತೂತು ತಪ್ಪಿ, ಇಡೀ ಅಂಗಿ ಒಂದು ಕಡೆಗೆ ಏರಿಕೊಂಡಿತ್ತು.

ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ಕಡೆ ಒಮ್ಮೆ ನೋಡಿದರು, ನಾನು ಬಾಯಿ ಮುಚ್ಚಿದೆ. ಒಂದು ಚಾದರದ ಮೂಲೆ ಕೂದಲೆಳೆಯಷ್ಟು ಸೊಟ್ಟಗಾದರೂ ಮತ್ತೆ ಮಡಚಿಸುವ ಹೆಂಗಸು, ಚಪ್ಪಲಿ ಮೆಟ್ಟಿಕೊಂಡು, ಆ ಸೊಟ್ಟ ಅಂಗಿಯ ಗಂಡನನ್ನು ಬಸ್ ಸ್ಟಾಪಿನವರೆಗೂ ಬೀದಿಯ ನಡುವೆ ಕರೆದುಕೊಂಡು ಹೋದರು.