ಮಲ್ಲಿಗೆ ತೋಟದ ಬಾಯಲ್ಲಿ ಬೇವಿನ ಟೊಂಗೆ

ಹೂವಿನಹಡಗಲಿಯ ಹೊರವಲಯ. ಕೋಳಿ ಕೂಗುವ ಹೊತ್ತು. ಹತ್ತಾರು ಹೆಂಗಸರು ಮಲ್ಲಿಗೆ ತೋಟದ ಬದುವಿನ ಮೇಲೆ ನಿಂತಿದ್ದಾರೆ, ಒಬ್ಬರೂ ಒಳಗೆ ಕಾಲಿಡುತ್ತಿಲ್ಲ. ಗುಂಪಿನ ಮೇಸ್ತ್ರಿ ಗಾಳೆಮ್ಮ ಮೊಬೈಲಿನ ಬೆಳಕು ಹಿಡಿದು ತೋಟದ ಬಾಯಿಯ ಗೂಟ ನೋಡುತ್ತಾರೆ. ಅಲ್ಲಿ ಬೇವಿನ ಟೊಂಗೆ ಇಲ್ಲ. ಅಷ್ಟಕ್ಕೇ ನಂಬದೆ ಒಂದು ಎಲೆ ಕಿತ್ತು ಮೂಸುತ್ತಾರೆ. "ಇಳೀರಿ" ಎಂದ ಮೇಲೆಯೇ ಹೆಂಗಸರು ಸಾಲು ಹಿಡಿಯುತ್ತಾರೆ. ಮೊಗ್ಗು ಮೊಗ್ಗಾಗಿರುವಾಗಲೇ ಕಿತ್ತು ಮೊದಲ ಬಸ್ಸಿಗೆ ಏರಿಸಬೇಕು. ಬಿಸಿಲೇರಿದ ಮೇಲೆ ಕಿತ್ತ ಹೂವನ್ನು ಪೇಟೆಯಲ್ಲಿ ಯಾರೂ ಮೂಸಿ ನೋಡುವುದಿಲ್ಲ.

ಐವತ್ತು ದಾಟಿರುವ ಗಾಳೆಮ್ಮ ಲಂಗ ಉಡುವ ವಯಸ್ಸಿನಿಂದಲೂ ಹೂ ಕಿತ್ತವರು. ಕೈ ಹಿಡಿದು ತೋಟಕ್ಕೆ ಕರೆತಂದವಳು ಅಕ್ಕ ಚೌಡಕ್ಕ. ಆಗ ಗಿಡಕ್ಕೆ ಬೀಳುತ್ತಿದ್ದುದು ತಿಪ್ಪೆ ಗೊಬ್ಬರ ಮತ್ತು ಒಲೆಯ ಬೂದಿ. ಅಕ್ಕ ಸೆರಗನ್ನು ಎದೆಗೆ ಬಿಗಿದು, ಅದನ್ನೇ ಜೋಳಿಗೆ ಮಾಡಿಕೊಂಡು, ಹಾಡುತ್ತಾ ಮೊಗ್ಗು ತುಂಬುತ್ತಿದ್ದಳು. ಮಂಜಿನಲ್ಲಿ ತೊಯ್ದ ಹೂ ಎದೆಗೆ ಒತ್ತಿದರೆ ಮೈಯೆಲ್ಲ ತಣ್ಣಗಾಗುತ್ತಿತ್ತು ಎಂದು ನೆನೆಯುವಾಗ ಗಾಳೆಮ್ಮನ ಕೈ ತಾನಾಗಿಯೇ ಸೆರಗಿಗೆ ಹೋಗುತ್ತದೆ. ಮಧ್ಯಾಹ್ನ ಮನೆಗೆ ಬಂದರೂ ಅಕ್ಕನ ಕುಪ್ಪಸಕ್ಕೆ ಮಲ್ಲಿಗೆಯ ವಾಸನೆಯಂತೆ. ಆ ವಾಸನೆಯಲ್ಲೇ ಎಳೆಯ ಗಾಳೆಮ್ಮ ನಿದ್ದೆ ಹೋದದ್ದುಂಟು.

ಆಮೇಲೆ ಬಂದದ್ದು ಎಣ್ಣೆ. ಹುಳಕ್ಕೆ ಹೊಡೆಯುವ ಔಷಧಿಯನ್ನು ಇಲ್ಲಿನವರು ಕರೆಯುವುದೇ ಹಾಗೆ. ಮಲ್ಲಿಗೆ ಗಿಡದಲ್ಲಿ ಇರುವೆಯ ಕಾಟ ಬಲ್ಲವರೇ ಬಲ್ಲರು. ಎಣ್ಣೆ ಹೊಡೆದ ಮರುದಿನ ಮಾತ್ರ ಒಂದೂ ಕಚ್ಚುವುದಿಲ್ಲ. ಹಾಗಾಗಿ ಹೂ ಕೀಳುವವರು ಅಂಥ ತೋಟಕ್ಕೆ ನಾ ಮುಂದೆ ತಾ ಮುಂದೆ ಎಂದು ಓಡುತ್ತಿದ್ದರು. "ಬಾರೇ ಗಾಳಿ, ಇವತ್ತು ಇರುವಿ ಇಲ್ಲ" ಎಂದು ಅಕ್ಕ ಹುರುಪಿನಿಂದ ಕರೆಯುತ್ತಿದ್ದಳು. ಎಣ್ಣೆಯ ಪಸೆಯಿದ್ದ ಮೊಗ್ಗು ಅದೇ ಸೆರಗಿಗೆ, ಅದೇ ಎದೆಗೆ. ಕೂಸಿದ್ದವರು ಬದುವಿನ ಮೇಲೆ ಕೂತು ಹಾಗೆಯೇ ಹಾಲೂಡುತ್ತಿದ್ದರು.

ಚೌಡಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ಅವಳು ನಾಚಿ ಮುಚ್ಚಿಟ್ಟಳು. ಆಸ್ಪತ್ರೆ ಕಾಣುವ ಹೊತ್ತಿಗೆ ಹೊತ್ತು ಮೀರಿತ್ತು, ಕ್ಯಾನ್ಸರ್ ಅವಳನ್ನು ಕೊಂಡೊಯ್ದಿತು. ಎಣ್ಣೆಯಿಂದಲೇ ಬಂತೇ ಎಂದು ಗಾಳೆಮ್ಮ ಕೇಳಿದಾಗ, ಹಾಗೆಂದು ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಆ ಮಾತನ್ನು ಗಾಳೆಮ್ಮ ಇಂದಿಗೂ ತಿರುಚುವುದಿಲ್ಲ. "ಅದರಿಂದನ ಬಂತು ಅಂತ ನಾನೂ ಅನ್ನಂಗಿಲ್ರಿ. ಆದ್ರ ವಿಷ ಎದಿಗೆ ಕಟ್ಟಿಕೊಂಡು ತಿರುಗೋದು ಯಾಕ್ಬೇಕು?"

ಎಲ್ಲಿಂದ ಶುರು ಮಾಡುವುದು? ಬುದ್ಧಿ ಹೇಳಿದರೆ ಮಂದಿ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಆಗ ಗಾಳೆಮ್ಮನಿಗೆ ನೆನಪಾದದ್ದು ಅಮ್ಮ ಎದ್ದ ಮನೆ. ಮೈಮೇಲೆ ಅಮ್ಮ, ಅಂದರೆ ಸೀತಾಳೆ ಸಿಡುಬು, ಎದ್ದರೆ ಆ ಮನೆಯ ಬಾಗಿಲಿಗೆ ಬೇವು ಸಿಕ್ಕಿಸುತ್ತಾರೆ. ಎಂಥ ಧೈರ್ಯಸ್ಥನೂ ಹೊಸ್ತಿಲು ದಾಟುವುದಿಲ್ಲ. ಎಣ್ಣೆ ಹೊಡೆದ ತೋಟಕ್ಕೂ ಬೇವು ಕಟ್ಟಿ, ಡಬ್ಬಿಯ ಮೇಲೆ ಬರೆದಷ್ಟು ದಿನ ಬಿಚ್ಚಬೇಡಿ ಎಂದು ತೋಟದವರನ್ನು ಕಾಡಿದರು. ಮೊದಮೊದಲು ನಕ್ಕರು, ಕ್ರಮೇಣ ಕಟ್ಟಿದರು. ಸೆರಗಿನ ಬದಲು ಬೆನ್ನಿಗೆ ಬಟ್ಟೆಯ ಚೀಲ ಬಂತು. ಕೈ ತೊಳೆಯದೆ ಕೂಸು ಮುಟ್ಟುವಂತಿಲ್ಲ ಎಂಬುದು ಗುಂಪಿನ ಕಟ್ಟಳೆಯಾಯಿತು.

ಇನ್ನು ಅಕ್ಟೋಬರ್ ಬಂತೆಂದರೆ, ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳೆಂದು, ಊರಿಗೆ ಗುಲಾಬಿ ರಂಗು. ರಿಬ್ಬನ್, ಜಾಥಾ, ಭಾಷಣ. ಒಂದು ವರ್ಷ ಶಾಮಿಯಾನ ಹಾಕಿಸಿದವರು ಬೆಳೆಗೆ ಹೊಡೆಯುವ ಎಣ್ಣೆಯ ವ್ಯಾಪಾರಿ. ಬ್ಯಾನರಿನ ಮೂಲೆಯಲ್ಲಿ ಅಂಗಡಿಯ ಹೆಸರೂ ಇತ್ತು. ನಗಬೇಕೋ ಅಳಬೇಕೋ ತಿಳಿಯದ ಸಂಗತಿ. ತಪಾಸಣೆ ಬೇಡವೆಂದು ಗಾಳೆಮ್ಮ ಎಂದೂ ಅಂದವರಲ್ಲ, ಗುಂಪಿನ ಹೆಂಗಸರನ್ನು ತಾವೇ ಕರೆದೊಯ್ಯುತ್ತಾರೆ. ಆದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೇ ಇಷ್ಟು ಸಂಭ್ರಮವೇ ಎಂಬುದು ಅವರ ತಕರಾರು. "ಲಗೂನ ತೋರಿಸ್ಕೋರಿ ಅಂತೀರಿ, ಖರೆ. ಬರದಂಗ ನೋಡಿಕೊಳ್ಳಾಕೂ ಒಂದ್ ದಿನ ಇಡ್ರಿ" ಎಂದು ಆ ದಿನ ಎದ್ದು ನಿಂತು ಕೇಳಿದ್ದರು. ವೇದಿಕೆಯ ಮೇಲಿದ್ದ ನರ್ಸಮ್ಮ ತಲೆಯಾಡಿಸಿದರು. ಮುಂದೇನೂ ಆಗಲಿಲ್ಲ.

ಆಗಬೇಕಾದ್ದು ತೋಟದಲ್ಲೇ ಆಯಿತು. ಹೋದ ಬೇಸಿಗೆ, ಮದುವೆಗಳ ಕಾಲ, ಹೂವಿಗೆ ಚಿನ್ನದ ಬೆಲೆ. ಎಲ್ಲರಿಗಿಂತ ದೊಡ್ಡ ತೋಟದ ನಾಗಪ್ಪ ಹಿಂದಿನ ಸಂಜೆ ಎಣ್ಣೆ ಹೊಡೆಸಿದ್ದರು, ಬೇವು ಕಟ್ಟಿರಲಿಲ್ಲ. ಎಲೆ ಮೂಸಿದ ಗಾಳೆಮ್ಮ ಗುಂಪನ್ನು ಬದುವಿನಲ್ಲೇ ತಡೆದರು. ಒಂದು ದಿನಕ್ಕೆ ಏನಾಗುತ್ತದೆ, ಇಳಿಯದಿದ್ದರೆ ಬೇರೆ ಮಂದಿ ತರುತ್ತೇನೆ ಎಂದು ನಾಗಪ್ಪ ರೇಗಿದರು. ಆ ತೋಟ ಕೈ ತಪ್ಪಿದರೆ ಗುಂಪಿಗೆ ಇಡೀ ಬೇಸಿಗೆಯ ಕೂಲಿ ಹೋದಂತೆ. ಹೆಂಗಸರ ಮುಖ ಸಣ್ಣದಾಯಿತು. ಬದುವಿನ ಮೇಲೆ ಗಾಳೆಮ್ಮನ ಮಗಳು ಸಮತಾ ಮೊಲೆ ಕುಡಿಯುವ ಕೂಸನ್ನು ಮಲಗಿಸುತ್ತಿದ್ದಳು.

ಗಾಳೆಮ್ಮ ದನಿ ಏರಿಸಲಿಲ್ಲ. "ಗೌಡ್ರ, ನಿಮ್ಮ ಸೊಸಿ ಅಮೃತಾನೂ ಹಸಿ ಬಾಣಂತಿ, ನನ್ನ ಮಗಳೂ ಹಸಿ ಬಾಣಂತಿ. ಮೊದಲು ಆಕಿನ್ನ ಇಳಸ್ರಿ. ಹಿಂದ ಈಕಿನೂ ಇಳೀತಾಳ."

ನಾಗಪ್ಪ ಹೆಗಲ ಮೇಲಿನ ಟವೆಲ್ ಕೊಡವಿ ಮನೆಯ ದಾರಿ ಹಿಡಿದರು. ಅಂದು ಯಾರೂ ಇಳಿಯಲಿಲ್ಲ, ಸಂಜೆಗೆ ತೋಟಕ್ಕೆ ತೋಟವೇ ಬಿರಿಯಿತು. ಜೀವಮಾನವಿಡೀ ಮೊಗ್ಗನ್ನೇ ಕಿತ್ತ ಹೆಂಗಸರು ಇಡೀ ತೋಟ ಗಿಡದಲ್ಲೇ ಅರಳಿದ್ದನ್ನು ಕಂಡದ್ದು ಅದೇ ಮೊದಲು. ದೂರದಲ್ಲಿ ನಿಂತು ನೋಡಿದರು. ನಷ್ಟದ ನಡುವೆಯೂ ಕಣ್ಣು ತುಂಬಿತು, ಅಕ್ಕ ಇರಬೇಕಿತ್ತು ಅನಿಸಿತು ಎನ್ನುತ್ತಾರೆ ಗಾಳೆಮ್ಮ. ನಾಗಪ್ಪ ಬೇರೆ ಮಂದಿಯನ್ನು ತರಲಿಲ್ಲ. ಮುಂದಿನ ಸಲ ಎಣ್ಣೆ ಹೊಡೆದ ಸಂಜೆ ಬೇವು ಕಟ್ಟಿದವಳು ಅಮೃತಾ.

ಈ ಅಕ್ಟೋಬರಿಗೂ ಗಾಳೆಮ್ಮನಿಗೆ ಕರೆ ಬಂದಿದೆ: ಶಾಲು ಹೊದಿಸುತ್ತೇವೆ, ಅಕ್ಕನ ಕತೆ ಹೇಳಬೇಕು. ಅವರು ಒಲ್ಲೆ ಎಂದಿದ್ದಾರೆ.

"ಅಕ್ಕನ ಸುದ್ದಿ ಹೇಳಿದ್ರ ಮಂದಿ ಅಳ್ತಾರ. ಸಮತಾನ ಸುದ್ದಿ ಏನಂತ ಹೇಳ್ಲಿ? ಆಕಿಗೆ ಏನೂ ಆಗಿಲ್ಲ, ಆರಾಮ ಅದಾಳ. ಅದನ್ನ ಯಾರು ಕೇಳ್ತಾರ್ರಿ? ನನಗ ಮಾತ್ರ ಕಡೀತನಕ ಅದೊಂದ ಸುದ್ದಿ ಬೇಕು."